ಕಾಲುವೆಯಂಚಿನ ಪುಟ್ಟ ಸುತ್ತಿಗೆಗಳು

ಜನವರಿ 7, 1986, ಮಂಗಳವಾರ

ನನಗೆ ಮದುವೆಯಾಗಿದೆ! ಇವತ್ತಿಗೆ ಹದಿನೇಳು ದಿನ. ಇನ್ನೂ ಬೆಳಿಗ್ಗೆ ಎದ್ದ ಕೂಡಲೇ ಉಂಗುರ ಬೆರಳಲ್ಲಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತೇನೆ. ಇದೆ. ಅದ್ಭುತ! ಒತೀಲಿಯ ನನ್ನ ಹೆಂಡತಿ. ಗಾಸ್ಪರ್ ಎಂಬ ನಾನು ಒತೀಲಿಯಳ ಗಂಡ. ಈ ಎರಡು ವಾಕ್ಯಗಳನ್ನು ಇಡೀ ಪುಟ ಬರೆಯಬಲ್ಲೆ. ಆದರೆ ಇಂಗ್ಲಿಷ್ ಶಾಲೆಯಲ್ಲಿ ಟೀಚರ್ ಮಿಸ್ ಹಾರ್ಗ್ರೀವ್ಸ್ ನನ್ನ ಪ್ರಬಂಧದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದದ್ದು ನೆನಪಿದೆ: "ಅದ್ಭುತ ಎನ್ನುವ ಪದ ಪುಟಕ್ಕೆ ಮೂರು ಸಲ ಸಾಕು."

ಒತೀಲಿಯ ನಿನ್ನೆ ಹೊರಟಳು. ಜಿನೀವಾದ ಆಸ್ಪತ್ರೆಯಲ್ಲಿ ಅವಳ ನರ್ಸ್ ಕೆಲಸದ ಕರಾರು ಫೆಬ್ರವರಿ ಕೊನೆಯವರೆಗೆ ಇದೆ. ಅದು ಮುಗಿಸಿ ಬಂದರೆ ಇಲ್ಲೇ, ಈ ಊರಿನ ಆರೋಗ್ಯ ಕೇಂದ್ರದಲ್ಲಿ ಕೆಲಸ. ಅಲ್ಲಿಯವರೆಗೆ ನಾನು, ಪೋರ್ತು ನಗರದ ವೈನ್ ಕಂಪನಿಯಲ್ಲಿ ಇಂಗ್ಲಿಷ್ ಪತ್ರ ಬರೆಯುತ್ತಿದ್ದವನು, ಅವಳ ಊರಿನಲ್ಲಿ, ಅವಳ ಅಮ್ಮನ ಜೊತೆ, ಮನೆ ಅಳಿಯ! ಮಾತಾಡಲು ಯಾರೂ ಇಲ್ಲ, ಅದಕ್ಕೇ ಈ ಪುಸ್ತಕ. ಅತ್ತೆ ನನ್ನ ಮೂರನೇ ವಾಕ್ಯಕ್ಕೆ ಎದ್ದು ಹಸು ನೋಡಲು ಹೋಗುತ್ತಾರೆ.

ರೈಲು ಹೊರಡುವ ಮೊದಲು ಒತೀಲಿಯ ನನ್ನ ಕೋಟಿನ ಗುಂಡಿ ಹಿಡಿದುಕೊಂಡು ಹೇಳಿದಳು: "ಫೆಬ್ರವರಿ ಕೊನೆಗೆ ನಮ್ಮ ಹುಲ್ಲುಗದ್ದೇಲಿ ಪುಟ್ಟ ಸುತ್ತಿಗೆ ಅನ್ನೋ ಹೂ ಬಿಡುತ್ತೆ. ನೀನು ಸ್ಕೂಲಲ್ಲಿ ಡ್ಯಾಫೊಡಿಲ್ ಡ್ಯಾಫೊಡಿಲ್ ಅಂತ ಚಿತ್ರ ಬರೀತಿದ್ಯಲ್ಲ, ಅದೇ ಜಾತಿ. ಅಪ್ಪ ಹೆಗಲ ಮೇಲೆ ಕೂರಿಸ್ಕೊಂಡು ತೋರಿಸ್ತಿದ್ರು. ಅವರು ಹೋದಾಗ್ಲೂ ಬಿಟ್ಟಿತ್ತು. ಆದ್ರೆ ನಾನು ಬಂದಿದ್ದು ಮಣ್ಣಿಗೆ, ಗದ್ದೆ ಕಡೆ ತಿರುಗಿ ನೋಡ್ಲಿಲ್ಲ. ಈ ಸಲ ನೋಡ್ಬೇಕು ಗಾಸ್ಪರ್."

"ನಾನು ನೋಡ್ಕೋತೀನಿ! ಏನು ಮಾಡ್ಬೇಕು ಹೇಳು!"

"ಏನೂ ಮಾಡ್ಬೇಡ. ಅವು ತಮ್ಮ ಪಾಡಿಗೆ ಬರ್ತವೆ. ಏನೂ ಮಾಡ್ದೆ ಇರೋದೇ ನಿನ್ನ ಕೆಲಸ."

ಹಳದಿ ಡ್ಯಾಫೊಡಿಲ್‌ಗಳು! ಅಂಗೈಯಗಲದ ಹೂ, ಮೊಣಕಾಲೆತ್ತರದ ದಂಟು, ಇಡೀ ಗದ್ದೆ ತುಂಬ! ಇವತ್ತು ಹೋಗಿ ನೋಡಿದೆ. ಇನ್ನೂ ಏನೂ ಇಲ್ಲ, ಬರೀ ಹುಲ್ಲು.

(ಇಲ್ಲಿ ಎರಡು ವರ್ಷ. ಆಮೇಲೆ ಪೋರ್ತುವಿನಲ್ಲಿ ಸಮುದ್ರ ಕಾಣುವ ಮನೆ. ಒತೀಲಿಯಳಿಗೆ ಇನ್ನೂ ಹೇಳಿಲ್ಲ. ಒಳ್ಳೆ ಹೊತ್ತು ನೋಡಿ ಹೇಳಬೇಕು.)

ಜನವರಿ 11, ಶನಿವಾರ

ಇವತ್ತು ಮೊದಲ ಸಲ ನೀರು ತಿರುಗಿಸಿದೆ! ಮನೆಯ ಗಂಡಸಿನ ಕೆಲಸವಂತೆ ಅದು. ಮಾವ ತೀರಿಕೊಂಡ ಮೇಲೆ ಅತ್ತೆಯೇ ಮಾಡುತ್ತಿದ್ದರು. ಅವರು ನನ್ನ ಕೈಗೆ ಸನಿಕೆ ಕೊಟ್ಟಾಗ ರಾಜ್ಯಾಭಿಷೇಕವಾದಂತೆ ಅನ್ನಿಸಿತು.

ಮೇಲಿನಿಂದ ಬರುವ ಕಾಲುವೆ ನಮ್ಮ ಗದ್ದೆಯ ತಲೆಯ ಮೇಲೆ ಹಾದು, ಕೆಳಗೆ ಅಡೆಲೀನು ಎಂಬ ಮುದುಕನ ಗದ್ದೆಗೆ ಹೋಗುತ್ತದೆ. ಶನಿವಾರ ಮಧ್ಯಾಹ್ನದಿಂದ ಮಂಗಳವಾರ ಮಧ್ಯಾಹ್ನದವರೆಗೆ ನೀರು ನಮ್ಮದು. ಅಡ್ಡಕ್ಕೆ ಕಲ್ಲುಚಪ್ಪಡಿ ಇಳಿಸಿದರೆ ನೀರು ಅಂಚು ಹಾರಿ ನಮ್ಮ ಹುಲ್ಲಿನ ಮೇಲೆ ತೆಳ್ಳಗೆ, ರೇಷ್ಮೆ ಬಟ್ಟೆ ಎಳೆದಂತೆ, ಇಳಿದು ಹೋಗುತ್ತದೆ. ಹರಿಯುವ ನೀರಿನ ಕೆಳಗೆ ಮಂಜು ಹೆಪ್ಪುಗಟ್ಟುವುದಿಲ್ಲ, ಹುಲ್ಲು ಸುಡುವುದಿಲ್ಲ. ಚಳಿಗಾಲದಲ್ಲಿ ಗದ್ದೆಗೆ ಹೊದಿಸುವ ಕಂಬಳಿ ಅದು. ನೀರಿನ ಕಂಬಳಿ! ಅದ್ಭುತ!

ನಾನು ಅಪ್ಪ ಕೊಟ್ಟ ಗಡಿಯಾರ ನೋಡಿಕೊಂಡು ಸರಿಯಾಗಿ ಹನ್ನೆರಡಕ್ಕೆ ಚಪ್ಪಡಿ ಇಳಿಸಲು ಬಗ್ಗಿದೆ. ಹಿಂದಿನಿಂದ ಕೆಮ್ಮು ಕೇಳಿಸಿತು.

"ಏನು ಎಂಜಿನಿಯರ್ ಸಾಹೇಬ್ರೆ, ನನ್ನ ನೀರು ಕದೀತಿದೀರಾ?"

ನಾನು ಎಂಜಿನಿಯರ್ ಅಲ್ಲ. ಇಲ್ಲಿ ಟೈ ಕಟ್ಟಿದವರೆಲ್ಲ ಎಂಜಿನಿಯರ್. "ಹನ್ನೆರಡಾಯ್ತಲ್ಲ" ಎಂದು ಗಡಿಯಾರ ತೋರಿಸಿದೆ.

ಅಡೆಲೀನು ಅದನ್ನು ಬಗ್ಗಿ ನೋಡಿದ, ಕಿವಿಗೂ ಇಟ್ಟುಕೊಂಡ. "ಚೆನ್ನಾಗಿದೆ. ಇದಕ್ಕೆ ನೆರಳು ಎಲ್ಲಿ ಬರುತ್ತೆ?"

ನಮ್ಮ ಮೆಕ್ಕೆಜೋಳದ ಕಣಜ ಕಲ್ಲಿನ ಕಾಲುಗಳ ಮೇಲೆ ನಿಂತಿದೆಯಲ್ಲ, ಅದರ ನೆರಳು ಕಾಲುವೆ ಪಕ್ಕದ ಬಂಡೆಯ ಮೇಲೆ ಕೆತ್ತಿದ ಶಿಲುಬೆಯನ್ನು ಮುಟ್ಟಿದಾಗಲೇ ಈ ಊರಿನ ಮಧ್ಯಾಹ್ನ. ಇನ್ನೂ ನಾಲ್ಕು ಬೆರಳು ಬಾಕಿ ಇತ್ತು. ನಾವಿಬ್ಬರೂ ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತ ನೆರಳು ನಡೆಯುವುದನ್ನು ನೋಡುತ್ತ ನಿಂತೆವು. ಹಾಸ್ಯಾಸ್ಪದ! ಇಂಗ್ಲೆಂಡಿನ ಗಡಿಯಾರ ಕೈಯಲ್ಲಿಟ್ಟುಕೊಂಡು ಕಣಜದ ಅನುಮತಿಗೆ ಕಾಯುವುದು!

ಅತ್ತೆಯೂ ಅಡೆಲೀನುವೂ ಹದಿನೇಳು ವರ್ಷದಿಂದ ಮಾತಾಡಿಲ್ಲವಂತೆ. ಮಾವ ಊರಲ್ಲಿಲ್ಲದ ಒಂದು ಮೋಡದ ದಿನ ನೆರಳು ಮುಟ್ಟಿತ್ತು ಅಂತ ಇವರು, ಮುಟ್ಟಿರಲಿಲ್ಲ ಅಂತ ಅವನು. ಮೋಡದ ದಿನ!

ಜನವರಿ 19, ಭಾನುವಾರ

ಭಾನುವಾರ ಸಂಜೆ ಆರಕ್ಕೆ ಕೆಫೆಯ ಫೋನಿಗೆ ಒತೀಲಿಯ ಕರೆ ಮಾಡುತ್ತಾಳೆ. ಐದು ನಿಮಿಷ. ನಾನು ನಾಲ್ಕು ನಿಮಿಷ ಮಾತಾಡುತ್ತೇನೆ, ಅವಳು ಒಂದು ನಿಮಿಷ ನಗುತ್ತಾಳೆ. ಕೆಫೆಯಲ್ಲಿರುವವರೆಲ್ಲ ಇಸ್ಪೀಟು ಕೆಳಗಿಟ್ಟು ಕೇಳಿಸಿಕೊಳ್ಳುತ್ತಾರೆ. ಇರಲಿ, ಕೇಳಲಿ!

ಗೆಳೆಯ ಫ್ರೆಡೆರಿಕು ಪೋರ್ತುವಿನಿಂದ ಪತ್ರ ಬರೆದಿದ್ದಾನೆ. ಸಮುದ್ರದ ದಂಡೆಯಲ್ಲಿ ಮನೆಯೊಂದು ಖಾಲಿಯಾಗುತ್ತಿದೆಯಂತೆ, ಬಾಲ್ಕನಿ ಇದೆಯಂತೆ. ಬಾಲ್ಕನಿ! ನಾಳೆಯೇ ಉತ್ತರ ಬರೆಯುತ್ತೇನೆ.

ಅತ್ತೆ ಇನ್ನೂ ನನ್ನನ್ನು "ಅಳಿಯಂದ್ರೆ" ಎಂದೇ ಕರೆಯುತ್ತಾರೆ. "ಅಳಿಯಂದ್ರೆ, ಸೂಪು ಆರೋಗ್ತಿದೆ. ಅಳಿಯಂದ್ರೆ, ಹಸು ಹಿಂದೆ ನಿಲ್ಬೇಡಿ." ಎಷ್ಟು ಗೌರವ! ಆದರೆ ಅವರ ಮುಖ ನೋಡಿದರೆ ಅದು ಗೌರವ ಹೌದೋ ಅಲ್ಲವೋ ತಿಳಿಯುವುದಿಲ್ಲ. ಏನಾದರೂ ದೊಡ್ಡ ಕೆಲಸ ಮಾಡಿ ಅವರ ಮನಸ್ಸು ಗೆಲ್ಲಬೇಕು.

ಜನವರಿ 29, ಬುಧವಾರ, ಮಧ್ಯಾಹ್ನ

ದೊಡ್ಡ ಕೆಲಸ ಆಯಿತು!!

ಕಾರ್ನಿವಲ್ ಹಬ್ಬಕ್ಕೆ ಮೊದಲಿನ ಶನಿವಾರ ಊರವರೆಲ್ಲ ತಂತಮ್ಮ ಕಾಲುವೆ ಚೊಕ್ಕಟ ಮಾಡುತ್ತಾರಂತೆ. ನಾನು ಹತ್ತು ದಿನ ಮೊದಲೇ, ಯಾರಿಗೂ ಹೇಳದೆ, ಬೆಳಕು ಹರಿಯುವುದರೊಳಗೆ ಎದ್ದು ನಮ್ಮ ಕಾಲುವೆ ಮುಗಿಸಿಬಿಟ್ಟೆ. ತಳ ಮಾತ್ರವಲ್ಲ, ಎರಡೂ ಅಂಚು ಕೂಡ! ಗದ್ದೆಯ ಕಡೆಯ ಅಂಚು ಜೊಂಡು ಹುಲ್ಲು, ಪಾಚಿ, ಕೆಸರು ಸೇರಿ ಮೆತ್ತಗೆ ಇಳಿಬಿದ್ದಿತ್ತು. ಕೆತ್ತಿ ಕೆತ್ತಿ ನೆಟ್ಟಗೆ ಗೋಡೆಯ ಹಾಗೆ ಮಾಡಿದೆ. ಮೂರು ತಳ್ಳುಗಾಡಿ ಮಣ್ಣು ಗೊಬ್ಬರದ ಗುಂಡಿಗೆ ಸುರಿದೆ. ಈಗ ನೀರು ಒಂದು ಹನಿ ಚೆಲ್ಲದೆ ಬಾಣದ ಹಾಗೆ ಹೋಗುತ್ತಿದೆ. ಅದ್ಭುತ, ಅದ್ಭುತ, ಅದ್ಭುತ! (ಮೂರಾಯಿತು, ಮಿಸ್.)

ಅಡೆಲೀನು ಬಂದು ನೋಡಿ ಟೋಪಿ ತೆಗೆದ. "ಎಂಜಿನಿಯರ್ ಸಾಹೇಬ್ರೆ, ನಾನು ಹುಟ್ಟಿದಾಗ್ಲಿಂದ ನನ್ನ ಗದ್ದೆಗೆ ಇಷ್ಟು ನೀರು ಬಂದಿರ್ಲಿಲ್ಲ. ನಿಮ್ಮಂಥ ಅಳಿಯ ಪ್ರತಿ ನೆರೆಮನೆಗೂ ಸಿಗ್ಲಿ." ಒಂದು ಬಾಟಲಿ ವೈನನ್ನೂ ಕೊಟ್ಟ!

ಕೆಸರಿನಲ್ಲಿ ಕಾಡು ಈರುಳ್ಳಿ ಸಿಕ್ಕಿವೆ, ಬಟಾಣಿಗಿಂತ ಸ್ವಲ್ಪ ದೊಡ್ಡವು. ಒಂದು ಹಿಡಿ ತಂದಿದ್ದೇನೆ. ಅತ್ತೆಯ ಸೂಪಿಗೆ ಹಾಕಿದರೆ ಎಂಥ ರುಚಿ!

ಅದೇ ದಿನ, ಸಂಜೆ

ಅವು ಈರುಳ್ಳಿ ಅಲ್ಲ.

ಅತ್ತೆ ನನ್ನ ಅಂಗೈ ನೋಡಿದರು. ಕೋಸು ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟರು. ಸ್ಟೂಲಿನ ಮೇಲೆ ಕುಳಿತರು.

"ಇದನ್ನ ಎಲ್ಲಿಂದ ತಂದ್ರಿ ಅಳಿಯಂದ್ರೆ?"

"ಕಾಲುವೆ ಅಂಚಿಂದ. ಪೂರ್ತಿ ಕ್ಲೀನ್ ಮಾಡ್ಬಿಟ್ಟೆ! ಸೂಪಿಗೆ..."

"ಸೂಪಿಗೆ ಹಾಕಿದ್ರೆ ನನ್ನ ಮಗಳು ಎರಡೇ ತಿಂಗಳಿಗೆ ವಿಧವೆ ಆಗ್ತಿದ್ಲು. ಇದು ವಿಷ." ಆಮೇಲೆ ಒಂದನ್ನು ಎತ್ತಿಕೊಂಡು ಕೆಸರು ಒರೆಸಿ ಹೇಳಿದರು: "ಇದು ಪುಟ್ಟ ಸುತ್ತಿಗೆ."

ಡ್ಯಾಫೊಡಿಲ್ ಅಂದರೆ ಅಂಗೈಯಗಲ, ಮೊಣಕಾಲೆತ್ತರ ಎಂದು ನಾನು ವಾದಿಸಿದೆ. ವಾದಿಸಿದೆ! ಅತ್ತೆ ತಮ್ಮ ಕಿರುಬೆರಳನ್ನು ನನ್ನ ಮುಖದ ಮುಂದೆ ಹಿಡಿದರು. "ಇಷ್ಟೇ ಇರೋದು. ಒದ್ದೆ ಅಂಚಿನಲ್ಲೇ ಇರೋದು. ಗದ್ದೆ ನಡುವೆ ಬರಲ್ಲ, ಒಣ ದಿಬ್ಬದಲ್ಲಿ ಬರಲ್ಲ. ನೀರು ಜಿನುಗೋ ಜಾಗ ಬೇಕು ಅದಕ್ಕೆ. ಈ ಊರಲ್ಲಿ ಕಾಲುವೆ ತಳ ಮಾತ್ರ ಬಾಚ್ತೀವಿ, ಅಂಚು ಯಾರೂ ಮುಟ್ಟಲ್ಲ. ಅದನ್ನ ಯಾರಿಗೂ ಹೇಳ್ಕೊಡೋದಿಲ್ಲ. ಹೇಳ್ಕೊಡ್ಬೇಕು ಅಂತ್ಲೇ ಯಾರಿಗೂ ಅನ್ಸಿರ್ಲಿಲ್ಲ."

ಏನೂ ಮಾಡಬೇಡ ಎಂದಿದ್ದಳು. ಒಂದೇ ಒಂದು ಕೆಲಸ ಕೊಟ್ಟಿದ್ದಳು.

ಜನವರಿ 31, ಶುಕ್ರವಾರ

ಎರಡು ದಿನದಿಂದ ಗೊಬ್ಬರದ ಗುಂಡಿಯಲ್ಲಿದ್ದೇನೆ, ಅಕ್ಷರಶಃ. ಮೊದಲ ದಿನ ನಾನೊಬ್ಬನೇ ಕೈಯಿಂದ ಕೆದಕುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅತ್ತೆ ಜೋಳದ ಜರಡಿ ಹಿಡಿದು ಬಂದರು. "ಹಿಂಗೆ ಹುಡುಕಿದ್ರೆ ಈಸ್ಟರ್ ಬರುತ್ತೆ, ಸರಿ ಅತ್ಲಾಗೆ" ಎಂದು ಸ್ಕರ್ಟು ಮೇಲೆ ಸಿಕ್ಕಿಸಿ ಇಳಿದೇಬಿಟ್ಟರು. ಅವರು ಜರಡಿ ಆಡಿಸುವುದು, ನಾನು ಆರಿಸುವುದು. ಹಸು ಗೇಟಿನ ಮೇಲೆ ಗದ್ದ ಇಟ್ಟುಕೊಂಡು ನಮ್ಮಿಬ್ಬರನ್ನೂ ನೋಡುತ್ತಿತ್ತು. ಅತ್ತೆ ಅದಕ್ಕೆ, "ಏನೇ ನೋಡ್ತೀಯ? ಅವನು ಇಂಗ್ಲಿಷ್ ಓದಿದಾನೆ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಗೊಬ್ಬರದಲ್ಲಿ ನಿಂತು, ಬೆರಳು ಮರಗಟ್ಟಿ, ಮಹಾಪರಾಧ ಮಾಡಿ, ಹೊಟ್ಟೆ ಹಿಡಿದು ನಕ್ಕೆ. ಅವರೂ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಇದೇ ಮೊದಲು!

ನಾನೂರ ಹನ್ನೆರಡು ಗೆಡ್ಡೆ. ಒಡೆದವು ಎಷ್ಟೋ. ಎಷ್ಟೋ ಕೆಸರಿನ ಜೊತೆ ನೀರಿನಲ್ಲಿ ಹೋಗಿರಬೇಕು. ಅಡೆಲೀನುವಿನ ಹಿತ್ತಿಲ ಜೌಗಿನಿಂದ ಹುಲ್ಲಿನ ಹೆಂಟೆ ಕೇಳಿ ತಂದು, ಅಂಚನ್ನು ಮತ್ತೆ ಮೆತ್ತಗೆ, ಸೋರುವ ಹಾಗೆ ಕಟ್ಟಿ, ಒಂದೊಂದನ್ನೇ ಮೂತಿ ಮೇಲೆ ಮಾಡಿ ನೆಟ್ಟೆವು. ಕೆಲವಕ್ಕೆ ಆಗಲೇ ಹುಲ್ಲಿನೆಳೆಯಂಥ ಎಲೆ ಬಂದಿತ್ತು. ಇಷ್ಟು ದಿನ ಅವುಗಳ ಮೇಲೇ ಓಡಾಡುತ್ತ "ಇನ್ನೂ ಏನೂ ಇಲ್ಲ" ಎನ್ನುತ್ತಿದ್ದೆ.

ಫ್ರೆಡೆರಿಕುಗೆ ಉತ್ತರ ಬರೆದಿಲ್ಲ. ಅವನ ಲಕೋಟೆಯಲ್ಲಿ ಐದು ಗೆಡ್ಡೆ ಇಟ್ಟಿದ್ದೇನೆ, ಗಾಯವಾದವು. ಅವಕ್ಕೆ ಬೇರೆ ಜಾಗ ನೋಡಬೇಕು.

ಫೆಬ್ರವರಿ 2, ಭಾನುವಾರ

ಒತೀಲಿಯ: "ಎಲೆ ಬಂತಾ?"

ನಾನು: "ಬಂದಿದೆ."

"ಅಂಚಿನ ಉದ್ದಕ್ಕೂ?"

"ಅಂಚಿನ ಉದ್ದಕ್ಕೂ."

ಸುಳ್ಳಲ್ಲ. ಆದರೆ ನಾಲ್ಕು ನಿಮಿಷ ಮಾತಾಡುವವನು ಇವತ್ತು ಎರಡು ಮಾತಾಡಿದೆ. "ಹುಷಾರಿದ್ದೀಯಾ?" ಎಂದು ಕೇಳಿದಳು. ಕೆಫೆಯಲ್ಲಿ ಎಲ್ಲರೂ ಇಸ್ಪೀಟು ಎಲೆಗಳನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು. ಇಡೀ ಊರಿಗೆ ಗೊತ್ತು. ನನ್ನ ಹೆಂಡತಿಯೊಬ್ಬಳಿಗೆ ಗೊತ್ತಿಲ್ಲ.

ಫೆಬ್ರವರಿ 4, ಮಂಗಳವಾರ

ಎಂಥ ದಿನ! ಎಂಥ ದಿನ!

ನಿನ್ನೆಯಿಂದ ಕೊರೆಯುವ ಚಳಿ. ಬೆಳಿಗ್ಗೆ ನೋಡಿದರೆ ಊರೆಲ್ಲ ಬೆಳ್ಳಗೆ, ನಮ್ಮ ಗದ್ದೆಯೊಂದೇ ಹಸಿರು, ಏಕೆಂದರೆ ನೀರು ಹರಿಯುತ್ತಿತ್ತು. ಆದರೆ ಇವತ್ತು ಮಧ್ಯಾಹ್ನಕ್ಕೆ ನಮ್ಮ ಸರದಿ ಮುಗಿಯುತ್ತದೆ. ಮೊದಲಾದರೆ ಅಡೆಲೀನುವಿನ ನಾಲ್ಕು ದಿನಗಳಲ್ಲೂ ಹಳೆಯ ಅಂಚು ನಮ್ಮ ಕಡೆಗೆ ಒಂದಿಷ್ಟು ಜಿನುಗಿಸುತ್ತಿತ್ತು. ನಾನು ಮೊನ್ನೆ ಕಟ್ಟಿದ ಅಂಚು ಜಿನುಗುವುದನ್ನು ಇನ್ನೂ ಕಲಿತಿಲ್ಲ. ಚಪ್ಪಡಿ ಎತ್ತಿದರೆ ನೀರು ಪೂರ್ತಿ ಕೆಳಗೆ. ಬೇರು ಹಿಡಿಯದ ಗೆಡ್ಡೆಗಳು ಇಂಥ ಚಳಿಯಲ್ಲಿ ಬರಿಮಣ್ಣಿನಲ್ಲಿ ನಾಲ್ಕು ರಾತ್ರಿ ಬದುಕುವುದಿಲ್ಲ.

ಅಡೆಲೀನು ಬಂಡೆಯ ಹತ್ತಿರ ನಿಂತಿದ್ದ. ನೆರಳು ಶಿಲುಬೆಯ ಹತ್ತಿರ ಬರುತ್ತಿತ್ತು. ನಾನು ಕೇಳಿದೆ: ಅರ್ಧ ನೀರು, ಈ ಚಳಿ ಮುಗಿಯುವವರೆಗೆ ಮಾತ್ರ.

"ನಂಗೂ ಹುಲ್ಲಿದೆ ಸಾಹೇಬ್ರೆ."

"ಅಂಚಿನಲ್ಲಿ ಒತೀಲಿಯಳ ಹೂ ಇದೆ."

"ಗೊತ್ತು. ಊರಿಗೆಲ್ಲ ಗೊತ್ತು." ಅವನು ನೆರಳನ್ನೇ ನೋಡುತ್ತಿದ್ದ. "ನೀರು ಕೊಡ್ತೀನಿ. ಆದ್ರೆ ನೀವು ಕೇಳೋದಲ್ಲ. ನಿಮ್ಮತ್ತೆ ಜುಲ್ಮೀರ ಕೇಳ್ಲಿ. ಆವತ್ತು ನೆರಳು ಮುಟ್ಟಿರ್ಲಿಲ್ಲ ಅಂತ ಒಪ್ಕೊಳ್ಳಿ."

ಮನೆಗೆ ಓಡಿದೆ. ಅತ್ತೆಯನ್ನು ಹೇಗೆ ಕೇಳುವುದು? ಹದಿನೇಳು ವರ್ಷ! ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತೆ, ಅವನು..." ಎಂದೆ ಅಷ್ಟೇ. ಅವರು ಕೈ ಒರೆಸಿಕೊಂಡು, ತಲೆಗೆ ಕರಿ ವಸ್ತ್ರ ಕಟ್ಟಿಕೊಂಡು, ನನ್ನ ಮುಂದೆಯೇ ಹೊರಟುಬಿಟ್ಟರು. ನಾನು ಹಿಂದೆ. ಹಸುವೂ ಸ್ವಲ್ಪ ದೂರ ಬಂತು.

ಬಂಡೆಯ ಈಚೆ ಇವರು, ಆಚೆ ಅವನು. ನಡುವೆ ನೆರಳು.

"ಅಡೆಲೀನು."

"ಜುಲ್ಮೀರ."

"ಆವತ್ತು ನೆರಳು ಮುಟ್ಟಿತ್ತು ಅಂತ ನಾನು ಹೇಳಿದ್ದು ಸುಳ್ಳು."

ಅವನ ಮುಖ ಅರಳಿತು.

"ಮುಟ್ಟಿರ್ಲಿಲ್ಲ ಅಂತ ನೀನು ಹೇಳಿದ್ದೂ ಸುಳ್ಳು. ನೆರಳೇ ಇರ್ಲಿಲ್ಲ ಕಣೋ. ಮೋಡ ಇತ್ತು. ಇಬ್ರೂ ಬರಿ ಬಂಡೆ ನೋಡ್ಕೊಂಡು ಕಿತ್ತಾಡಿದ್ವಿ."

ಅಡೆಲೀನು ಟೋಪಿ ತೆಗೆದು ತಲೆ ಕೆರೆದುಕೊಂಡ. ಕೊನೆಗೆ ಹೇಳಿದ: "ಇಷ್ಟು ಹೇಳೋಕ್ಕೆ ಹದಿನೇಳು ವರ್ಷ ಬೇಕಾಯ್ತಾ ನಿಂಗೆ?"

"ನೀನು ಹೂ ನೆಪ ಮಾಡ್ಕೊಂಡು ಕೇಳೋಕ್ಕೂ ಅಷ್ಟೇ ಬೇಕಾಯ್ತಲ್ಲ."

ಚಪ್ಪಡಿಯನ್ನು ಅರ್ಧಕ್ಕೆ ಎತ್ತಿ, ಕೆಳಗೆ ಅಡೆಲೀನುವೇ ಒಂದು ಗುಂಡುಕಲ್ಲು ಇಟ್ಟ. ನೀರು ಎರಡಾಯಿತು. ಒಂದು ಪಾಲು ಕೆಳಗೆ, ಒಂದು ಪಾಲು ನಮ್ಮ ಅಂಚು ಹಾರಿ. ನೆರಳು ಆಗಲೇ ಶಿಲುಬೆಯನ್ನು ದಾಟಿ ಹೋಗಿತ್ತು, ಯಾರೂ ನೋಡಿರಲಿಲ್ಲ. ನಾನು ಇಬ್ಬರನ್ನೂ ಅಪ್ಪಿಕೊಳ್ಳಲು ಹೋದೆ. ಇಬ್ಬರೂ ಒಟ್ಟಿಗೆ ಹಿಂದೆ ಸರಿದರು.

ಫೆಬ್ರವರಿ 9, ಭಾನುವಾರ

ಹೇಳಿಬಿಟ್ಟೆ.

ಫೋನಿನಲ್ಲಿ ಬರೀ ಗುಯ್ ಎನ್ನುವ ಸದ್ದು. ನಾನು ಬದುಕಿನಲ್ಲಿ ಮೊದಲ ಬಾರಿ ಒಂದು ಮೌನವನ್ನು ತುಂಬಲು ಪ್ರಯತ್ನಿಸಲಿಲ್ಲ. ಆಮೇಲೆ ಒತೀಲಿಯ ಕೇಳಿದ್ದು ಹೆಂಡತಿಯ ದನಿಯಲ್ಲಿ ಅಲ್ಲ, ನರ್ಸಿನ ದನಿಯಲ್ಲಿ.

"ಎಷ್ಟು ಹೊತ್ತು ಹೊರಗಿತ್ತು?"

"ಒಂದೂವರೆ ದಿನ. ಕೆಲವು ಎರಡು."

"ಬಿಸಿಲಲ್ಲಾ?"

"ಗೊಬ್ಬರದಲ್ಲಿ."

"ಬೇರು?"

"ಕೆಲವಕ್ಕೆ ಇತ್ತು. ಕೆಲವಕ್ಕೆ ನಾನು ಕಡಿದು ಹಾಕಿದ್ದೆ."

"ಈಗ ನೀರಿದೆಯಾ?"

"ಹಗಲೂ ರಾತ್ರಿ. ನಿಮ್ಮಮ್ಮ ಅಡೆಲೀನು ಹತ್ರ ಮಾತಾಡಿದ್ರು."

"ಏನು?! ಅಮ್ಮ?! ಅಡೆಲೀನು ಹತ್ರ?!" ಅವಳ ನರ್ಸ್ ದನಿ ಅಲ್ಲಿಗೇ ಮುಗಿಯಿತು. ಉಳಿದ ಎರಡು ನಿಮಿಷ ಅದೇ ಮಾತು, ಮೊದಲಿಂದ ಕೊನೆಯವರೆಗೆ, ಎರಡು ಸಲ ಹೇಳಿಸಿದಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಇಡುವ ಮೊದಲು: "ಸಿಟ್ಟಿದೆ ನಂಗೆ. ಬಂದ್ಮೇಲೆ ಬೈತೀನಿ, ಫೋನಲ್ಲಿ ಸಾಲಲ್ಲ. ಈಗ ಕೇಳು. ದಿನಾ ಹೋಗಿ ಮಣ್ಣು ಕೆದಕಿ ಬೇರು ಬಂತಾ ಅಂತ ನೋಡ್ಬೇಡ. ನೀನು ನೋಡೋನೇ."

ಅವಳಿಗೆ ಹೇಗೆ ಗೊತ್ತು?

ಫೆಬ್ರವರಿ 11, ಮಂಗಳವಾರ

ಇವತ್ತು ಕಾರ್ನಿವಲ್. ಊರಿನ ಹುಡುಗರು ವೇಷ ಹಾಕಿಕೊಂಡು ಬೀದಿಯಲ್ಲಿ ಬಂದರು. ಮೊದಲನೆಯವನು ಪಾದ್ರಿ, ಎರಡನೆಯವನು ಕರಡಿ, ಮೂರನೆಯವನು ನಾನು! ಟೈ, ತಟ್ಟೆಯಷ್ಟು ದೊಡ್ಡ ರಟ್ಟಿನ ಗಡಿಯಾರ, ಹೆಗಲ ಮೇಲೆ ಸನಿಕೆ, ಕೊರಳಲ್ಲಿ ಈರುಳ್ಳಿಯ ಹಾರ. ಪ್ರತಿ ಮನೆ ಮುಂದೆ ನಿಂತು ಬಾಗಿಲ ಅಂಚು ಕೆತ್ತುತ್ತ, "ಅದ್ಭುತ! ಅದ್ಭುತ!" ಎಂದು ಕೂಗುತ್ತಿದ್ದ. ನಾನು ಗೋಡೆಗೆ ಒರಗಿ ಕಣ್ಣೀರು ಬರುವವರೆಗೆ ನಕ್ಕೆ. ನಾನು ಅಷ್ಟೊಂದು ಸಲ ಆ ಪದ ಹೇಳುತ್ತೇನೆಯೇ?

ಟೈ ಎಲ್ಲೋ ನೋಡಿದ ಹಾಗಿದೆಯಲ್ಲ ಎಂದುಕೊಂಡೆ. ನನ್ನದೇ. ಅತ್ತೆ ಕೊಟ್ಟಿದ್ದರು. "ಹೆಂಗೂ ನೀನು ಹಾಕ್ಕೊಳಲ್ವಲ್ಲೋ" ಎಂದರು.

ಫೆಬ್ರವರಿ 18, ಮಂಗಳವಾರ

ಎಲೆ ಮಾತ್ರ. ಕೆದಕಿಲ್ಲ.

ಫೆಬ್ರವರಿ 22, ಶನಿವಾರ

ನೀರು ತಿರುಗಿಸಿ ಬಗ್ಗಿ ನೋಡಿದರೆ, ಹೆಂಟೆಯ ನಡುವೆ ಹಸಿರು ಮೂಗು! ಒಂದು. ಇನ್ನೊಂದು. ಹೊಟ್ಟೆಯ ಮೇಲೆ ಮಲಗಿ ಎಣಿಸಿದೆ. ಹನ್ನೊಂದು ಮೊಗ್ಗು. ಅಂಗಿ ಒದ್ದೆ, ಪ್ಯಾಂಟು ಒದ್ದೆ, ಗಡ್ಡದಲ್ಲಿ ಪಾಚಿ. ಅಡೆಲೀನು ಮೇಲಿನಿಂದ ಕೇಳಿದ, "ಬದುಕಿದ್ದೀಯೇನೋ?" ಹೌದು, ಹೌದು, ಬದುಕಿವೆ ಎಂದು ಕೂಗಿದೆ.

ಅಂಚು ಈಗ ಅಲ್ಲಲ್ಲಿ ತಾನೇ ಜಿನುಗುತ್ತಿದೆ. ಮುಂದಿನ ವರ್ಷ ತಳ ಬಾಚುವಾಗ ಮೇಲಿನ ತಿರುವಿನಲ್ಲಿ ಮಾತ್ರ ಸ್ವಲ್ಪ ಆಳ ತೆಗೆಯಬೇಕು. ಅಲ್ಲಿ ಮರಳು ನಿಲ್ಲುತ್ತದೆ.

ಫೆಬ್ರವರಿ 26, ಬುಧವಾರ

ಬಿಟ್ಟಿತು! ಬಿಟ್ಟಿತು! ಬಿಟ್ಟಿತು!

ನಾನು ಇಷ್ಟು ದಿನ ಬರೆದ ಪದಗಳನ್ನೆಲ್ಲ ಕಂಡ ಕಂಡದ್ದಕ್ಕೆ ಖರ್ಚು ಮಾಡಿಬಿಟ್ಟೆ. ಇದಕ್ಕೆ ಏನೂ ಉಳಿದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಗೇಣುದ್ದವೂ ಇಲ್ಲದ ದಂಟು. ಅದರ ತುದಿಯಲ್ಲಿ ಹೂ ನೆಲ ನೋಡುತ್ತ ತೂಗುತ್ತದೆ. ಉದ್ದನೆಯ ಸಪೂರ ಕೊಳವೆ ಕೆಳಗೆ, ಆರು ಎಸಳು ಪೂರ್ತಿ ಹಿಂದಕ್ಕೆ ಮಡಿಸಿ ಮೇಲಕ್ಕೆ. ಎದುರುಗಾಳಿಯಲ್ಲಿ ಓಡುವ ಮೊಲದ ಕಿವಿಯ ಹಾಗೆ! ಬಣ್ಣ ಮೊಟ್ಟೆಯ ಹಳದಿ. ಮುಖ ನೋಡಬೇಕಾದರೆ ಕೆಸರಿನಲ್ಲಿ ಕೆನ್ನೆ ಇಡಬೇಕು. ಇಟ್ಟೆ.

ಅತ್ತೆ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತರು. "ಅವಳಪ್ಪನೂ ಹಿಂಗೇ ಮಲಗ್ತಿದ್ರು" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಏಳು ಮಗಾ, ಶೀತ ಆಗುತ್ತೆ."

ನಾನು ಇನ್ನೂ ಸ್ವಲ್ಪ ಹೊತ್ತು ಮಲಗೇ ಇದ್ದೆ.

ಮಾರ್ಚ್ 3, ಸೋಮವಾರ

ಇವತ್ತಿಗೆ ಅರವತ್ತನಾಲ್ಕು. ಮೊದಲು ಇನ್ನೂರು ಮುನ್ನೂರು ಬಿಡುತ್ತಿದ್ದವಂತೆ. ನಡುವೆ ಮಾರುದ್ದದ ಬೋಳು ಜಾಗ ಇದೆ, ಅಲ್ಲಿ ಒಂದೂ ಇಲ್ಲ. ಅದು ನಾನು ಅತ್ಯುತ್ಸಾಹದಿಂದ ಕೆತ್ತಿದ ಜಾಗ. ಒತೀಲಿಯಳಿಗೆ ಅದನ್ನೂ ತೋರಿಸುತ್ತೇನೆ. ಫ್ರೆಡೆರಿಕುವಿನ ಲಕೋಟೆಯಲ್ಲಿದ್ದ ಐದರಲ್ಲಿ ಎರಡು, ಹಿತ್ತಿಲ ತೊಟ್ಟಿಯ ಸೋರುವ ಮೂಲೆಯಲ್ಲಿ ಎಲೆ ಬಿಟ್ಟಿವೆ.

ಸಂಜೆ ಅಡೆಲೀನು ಬಾಗಿಲು ಬಡಿದ. ಹದಿನೇಳು ವರ್ಷದ ಮೇಲೆ ಈ ಹೊಸ್ತಿಲಿಗೆ! ಟೋಪಿ ಕೈಯಲ್ಲಿತ್ತು.

"ಜುಲ್ಮೀರ, ನಿಮ್ಮನೆ ಸುತ್ತಿಗೆಗಳು ನನ್ನ ಗದ್ದೆ ಅಂಚಲ್ಲಿ ಬಂದು ನಿಂತಿವೆ. ಒಂಬತ್ತು. ನಿಮ್ಮ ಅಳಿಯ ಕೆತ್ತಿದ್ನಲ್ಲ, ನೀರಲ್ಲಿ ತೇಲ್ಕೊಂಡು ಬಂದಿರ್ಬೇಕು. ಬಂದು ಕಿತ್ಕೊಂಡು ಹೋಗಿ."

ಅತ್ತೆ ಅವನಿಗೆ ಕುರ್ಚಿ ಎಳೆದು, ಸೂಪು ಬಡಿಸಿ, ಮೆಕ್ಕೆಜೋಳದ ಬ್ರೆಡ್ಡು ಮುರಿದು ಪಕ್ಕಕ್ಕಿಟ್ಟರು. "ಬೇರೆ ಕಡೆಯಿಂದ ಬಂದು ಬೇರು ಬಿಟ್ಟಾಗಿದೆ. ಇರ್ಲಿ ಬಿಡು, ಕೀಳ್ಬೇಡ" ಎಂದರು. ಹಾಗೆಂದು ನನಗೂ ಇನ್ನೊಂದು ಸೌಟು ಹಾಕಿದರು, ನಾನು ಕೇಳಿರಲಿಲ್ಲ.

ಮಾರ್ಚ್ 6, ಗುರುವಾರ

ಟೆಲಿಗ್ರಾಂ ಬಂತು!!! ಕೆಫೆಯವಳು ಅದನ್ನು ಬೀದಿಯುದ್ದಕ್ಕೂ ಓದಿಕೊಂಡೇ ಬಂದಳು. ನನ್ನ ಕೈಗೆ ಸಿಗುವ ಹೊತ್ತಿಗೆ ನಾನೊಬ್ಬನೇ ಅದನ್ನು ಓದದವನು.

ಶನಿವಾರ ಬರುತ್ತಾಳೆ. ಶನಿವಾರ! ಹೂ ಇನ್ನೂ ಒಂದು ವಾರ ಇರುತ್ತವೆ, ಅತ್ತೆ ಮೊಗ್ಗುಗಳನ್ನು ನೋಡಿ ಹೇಳಿದರು. ನೋಡುತ್ತಾಳೆ! ಬೈಯುತ್ತಾಳೆ, ಮತ್ತೆ ನೋಡುತ್ತಾಳೆ!

ಒಂದೇ ತೊಡಕು. ನಿಲ್ದಾಣಕ್ಕೆ ಹೋಗುವ ಬಸ್ಸು ಬೆಳಿಗ್ಗೆಯೇ ಹೊರಡುತ್ತದೆ, ನೀರು ನಮ್ಮ ಕಡೆ ತಿರುಗುವುದು ಮಧ್ಯಾಹ್ನ. ನಾನು ಇಲ್ಲೇ ಇರುತ್ತೇನೆ, ಅತ್ತೆ ಹೋಗಲಿ ಎಂದೆ. ಹಾಗೆಂದದ್ದು ನಾನೇ! ಅತ್ತೆ ನನ್ನನ್ನು ದಿಟ್ಟಿಸಿ, "ಹುಚ್ಚು ಹಿಡಿದಿದೆಯೇನೋ ನಿಂಗೆ?" ಎಂದರು. ಬೇಲಿಯಾಚೆಯಿಂದ ಅಡೆಲೀನು ಕೂಗಿದ: "ಇಬ್ರೂ ಹೋಗಿ. ನಿಮ್ಮ ಸರದಿಗೆ ಚಪ್ಪಡಿ ನಾನು ಇಳಿಸ್ತೀನಿ."

"ನೆರಳು ಮುಟ್ಟಿದ ಮೇಲಾ, ಮೊದ್ಲಾ?" ಎಂದರು ಅತ್ತೆ.

"ಎರಡು ಬೆರಳು ಮೊದ್ಲೇ ಇಳಿಸ್ತೀನಿ ಹೋಗಮ್ಮ!"

ಗಡಿಯಾರ ಎಲ್ಲಿಟ್ಟೆನೋ ನೆನಪಿಲ್ಲ. ಹುಡುಕಬೇಕು, ರೈಲು ಕಣಜದ ನೆರಳು ನೋಡಿಕೊಂಡು ಬರುವುದಿಲ್ಲ. ಮರೆಯದಿರಲೆಂದು ಇಲ್ಲಿ ದೊಡ್ಡದಾಗಿ ಬರೆದಿಡುತ್ತೇನೆ:

ಮಾರ್ಚ್ 8, ಶನಿವಾರ, ಪೋರ್ತುವಿನಿಂದ ಬರುವ ಲೋಕಲ್ ರೈಲು, ಕಾಮಿನ್ಯ ನಿಲ್ದಾಣ, ಮಧ್ಯಾಹ್ನ ಎರಡು ಐವತ್ತು.